5ಕೆ, 10ಕೆ, ಹಾಫ್, ಫುಲ್: ಯಾವ ಓಟ ಯಾರಿಗೆ?

ಓಡಲು ಶುರು ಮಾಡಿ ಆರು ತಿಂಗಳಾಗುವುದರೊಳಗೆ ಆ ಪ್ರಶ್ನೆ ಬಂದೇ ಬರುತ್ತದೆ. 5ಕೆ, ಅಂದರೆ 5 ಕಿ.ಮೀ., ಓಡಿದವರನ್ನು "10ಕೆ ಯಾವಾಗ?" ಅಂತ ಕೇಳುತ್ತಾರೆ. ಹಾಫ್, ಅಂದರೆ 21 ಕಿ.ಮೀ.ಯ ಅರ್ಧ ಮ್ಯಾರಥಾನ್, ಮುಗಿಸಿದವರಿಗೆ "ಫುಲ್ ಯಾವಾಗ?" 42 ಕಿ.ಮೀ.ಯ ಫುಲ್ ಮ್ಯಾರಥಾನ್ ಕೂಡ ಆಯಿತು ಅಂದರೆ "ಅಲ್ಟ್ರಾ ಯೋಚನೆ ಇಲ್ವಾ?" ಮದುವೆ ಆದವರನ್ನು ಮಗು ಯಾವಾಗ ಅಂತ ಕೇಳುವ ಹಾಗೆ. ಕೇಳುವವರು ಓಡುವವರೇ ಆಗಿರಬೇಕು ಅಂತೇನೂ ಇಲ್ಲ.

ದೂರ ಜಾಸ್ತಿ ಆದಷ್ಟೂ ಓಟಗಾರ ದೊಡ್ಡವನು ಎಂಬ ನಂಬಿಕೆ ಇದರ ಹಿಂದೆ ಇದೆ. ನಾನಿದನ್ನು ಒಪ್ಪುವುದಿಲ್ಲ. 5ಕೆ ಮೇಲೆ 10ಕೆ, ಅದರ ಮೇಲೆ ಹಾಫ್ ಅಂತ ಮೆಟ್ಟಿಲು ಜೋಡಿಸಿಟ್ಟಿಲ್ಲ. ಒಂದೊಂದು ದೂರದ ಕಷ್ಟವೇ ಬೇರೆ, ರುಚಿಯೇ ಬೇರೆ. ವರ್ಷಗಟ್ಟಲೆ 10ಕೆ ಮಾತ್ರ ಓಡಿಕೊಂಡು ಪ್ರತಿ ವರ್ಷ ಅರ್ಧ ನಿಮಿಷ, ಒಂದು ನಿಮಿಷ ಇಳಿಸುತ್ತಾ ಹೋಗುವವರಿದ್ದಾರೆ. ಅವರೇನೂ ಅರ್ಧದಲ್ಲಿ ನಿಂತವರಲ್ಲ. ನಿಮಗೆ ಯಾವ ತರಹದ ಕಷ್ಟ ಹಿಡಿಸುತ್ತದೆ, ಅದಕ್ಕೆ ನಿಮ್ಮ ವಾರದಲ್ಲಿ ಜಾಗ ಇದೆಯಾ ಅನ್ನುವುದನ್ನು ನೋಡಿ ದೂರ ಆರಿಸಿಕೊಳ್ಳಬೇಕು. ಮೆಡಲ್ಲಿನ ಸೈಜು ನೋಡಿ ಅಲ್ಲ.

ಮೊದಲು ಒಂದು ಲೆಕ್ಕ

ಒಂದು ದೂರದ ಟೈಮಿಂಗ್ ಗೊತ್ತಿದ್ದರೆ ಇನ್ನೊಂದರದ್ದನ್ನು ಅಂದಾಜು ಮಾಡಬಹುದು. ಅಮೆರಿಕದ ಎಂಜಿನಿಯರ್ ಪೀಟ್ ರೀಗಲ್ 1977ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಇಂಟರ್ನೆಟ್ಟಿನಲ್ಲಿ ಸಿಗುವ ಎಷ್ಟೋ ಕ್ಯಾಲ್ಕುಲೇಟರ್‌ಗಳ ಒಳಗೆ ಇವತ್ತಿಗೂ ಅದೇ ಇದೆ. 10 ಕಿ.ಮೀ.ಯನ್ನು ಸರಿಯಾಗಿ ಒಂದು ಗಂಟೆಯಲ್ಲಿ ಓಡುವವರನ್ನು ತೆಗೆದುಕೊಳ್ಳಿ. ಸೂತ್ರದ ಪ್ರಕಾರ ಅವರ 5ಕೆ 29 ನಿಮಿಷದೊಳಗೆ ಮುಗಿಯಬೇಕು. ಹಾಫ್ 2 ಗಂಟೆ 12 ನಿಮಿಷ, ಫುಲ್ 4 ಗಂಟೆ 36 ನಿಮಿಷ. ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯದ ಲೆಕ್ಕದಲ್ಲಿ ಹೇಳುವುದಾದರೆ 5ಕೆಯಲ್ಲಿ 5:45 (5 ನಿಮಿಷ 45 ಸೆಕೆಂಡ್), 10ಕೆಯಲ್ಲಿ 6:00, ಹಾಫ್‌ನಲ್ಲಿ 6:17, ಫುಲ್‌ನಲ್ಲಿ 6:32.

ದೂರ ಎಂಟು ಪಟ್ಟಿಗೂ ಜಾಸ್ತಿ ಆದರೂ ಪೇಸ್ ಬಿದ್ದದ್ದು ಕಿಲೋಮೀಟರಿಗೆ 47 ಸೆಕೆಂಡ್ ಅಷ್ಟೇ. ಕಾಗದದ ಮೇಲೆ ನೋಡಿದರೆ ಫುಲ್ ಏನು ಮಹಾ ಅನಿಸುತ್ತದೆ. ಆದರೆ ಆಯಾ ದೂರಕ್ಕೆ ಬೇಕಾದಷ್ಟು ತಯಾರಿ ಆಗಿದೆ ಅಂದುಕೊಂಡೇ ಸೂತ್ರ ಲೆಕ್ಕ ಹಾಕುತ್ತದೆ. ಮೊದಲ ಮೂರು ಅಂಕಿ ಸಾಮಾನ್ಯ ಓಟಗಾರರಿಗೂ ಸುಮಾರಾಗಿ ಹೊಂದುತ್ತವೆ. ನಾಲ್ಕನೆಯದನ್ನು ನಂಬಿಕೊಂಡು ಮೊದಲ ಫುಲ್‌ಗೆ ಇಳಿದವರು 5 ಗಂಟೆ ದಾಟುವುದೇ ಜಾಸ್ತಿ. ಯಾಕೆ ಅನ್ನುವುದು ಫುಲ್ ವಿಷಯಕ್ಕೆ ಬಂದಾಗ.

5ಕೆ: ಚಿಕ್ಕದು, ಸುಲಭದ್ದಲ್ಲ

"ಬರೀ 5ಕೆ ನಾ?" ಅನ್ನುವವರು ಅದನ್ನು ಪೂರ್ತಿ ಜೋರಿನಲ್ಲಿ ಓಡಿ ನೋಡಿರುವುದಿಲ್ಲ. 5ಕೆಯನ್ನು ಎರಡು ರೀತಿ ಓಡಬಹುದು. ಮುಗಿಸಿದರೆ ಸಾಕು ಅಂತ ಓಡುವುದು ಒಂದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಗುರಿ ಇಲ್ಲ. ಸೋಫಾದಿಂದ ಎದ್ದು ಬಂದವರಿಗೆ ಅಂತಲೇ 1996ರಲ್ಲಿ ಜೋಶ್ ಕ್ಲಾರ್ಕ್ ಎಂಬುವರು 9 ವಾರದ ಒಂದು ಯೋಜನೆ ಮಾಡಿದರು. ಮೊದಲ ವಾರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ 20 ನಿಮಿಷ. ವಾರಕ್ಕೆ ಮೂರು ದಿನ. ಇಷ್ಟು ಸಣ್ಣದಾಗಿ ಶುರು ಮಾಡಿಸುವುದರಿಂದಲೇ ಅದು ಜಗತ್ತಿನಾದ್ಯಂತ ಹಬ್ಬಿತು. ನಮ್ಮಲ್ಲಿ ಹೊಸಬರು ಮೊದಲ ದಿನವೇ ಪಾರ್ಕಿನಲ್ಲಿ ಎರಡು ಸುತ್ತು ಜೋರಾಗಿ ಓಡಿ, ಮೂರನೇ ದಿನ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೂರುತ್ತಾರೆ.

ಎರಡನೆಯದು ಟೈಮಿಂಗ್‌ಗೆ ಓಡುವುದು. ಇಲ್ಲಿ ದೇಹ ಎಷ್ಟು ಆಮ್ಲಜನಕ ಎಳೆದುಕೊಳ್ಳಬಲ್ಲದೋ ಹೆಚ್ಚುಕಮ್ಮಿ ಅಷ್ಟನ್ನೂ ಎಳೆಯುತ್ತಿರುತ್ತದೆ. ಮೊದಲ ಕಿಲೋಮೀಟರ್ ಖುಷಿಯಲ್ಲಿ ಹೋಗುತ್ತದೆ. ಎರಡನೆಯದರಲ್ಲಿ ಬಾಯಿ ತೆರೆಯುತ್ತದೆ. ಮೂರನೆಯದು ಕೆಟ್ಟದ್ದು: ಮುಗಿಯಿತು ಅನ್ನಲು ಇನ್ನೂ ದೂರ ಇದೆ, ನಿಧಾನ ಮಾಡಿದರೆ ಕಳೆದ ಸೆಕೆಂಡು ವಾಪಸ್ ಬರುವುದಿಲ್ಲ. ಎದೆ ಉರಿಯುತ್ತಿರುತ್ತದೆ, ಪಕ್ಕದವರಿಗೆ ಒಂದು ಮಾತು ಹೇಳೋಣ ಅಂದರೂ ಉಸಿರಿಲ್ಲ. ಫುಲ್‌ನಲ್ಲಿ ಒಂದು ಕಿಲೋಮೀಟರ್ ನಡೆದು ಸುಧಾರಿಸಿಕೊಳ್ಳಬಹುದು. 5ಕೆಯಲ್ಲಿ ಸುಧಾರಿಸಿಕೊಳ್ಳಲು ಸಮಯವೇ ಇಲ್ಲ.

ಇದರ ಲಾಭ ಏನು ಅಂದರೆ ಎರಡೇ ದಿನದಲ್ಲಿ ಕಾಲು ಸರಿಹೋಗುತ್ತದೆ. ಈ ಸಲ ಕೆಟ್ಟಿತು ಅಂದರೆ ಎರಡು ವಾರ ಬಿಟ್ಟು ಇನ್ನೊಂದು ಓಡಬಹುದು. ಫುಲ್ ಕೆಟ್ಟರೆ ನಾಲ್ಕು ತಿಂಗಳ ತಯಾರಿ ಹೋದಂತೆ. ಸಣ್ಣ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ, ಪಾಳಿ ಕೆಲಸದವರಿಗೆ, ಶಾಲಾ ಕಾಲೇಜಿನಲ್ಲಿ ಓಡಿ ಬಿಟ್ಟು ಈಗ ಮತ್ತೆ ಶುರು ಮಾಡುತ್ತಿರುವವರಿಗೆ 5ಕೆ ಬಹಳ ಒಪ್ಪುತ್ತದೆ.

ತೊಂದರೆ ನಮ್ಮ ಊರಿನ ಓಟಗಳಲ್ಲಿ. 5ಕೆ ಅಂದರೆ ಫನ್ ರನ್ ಅಂತಲೇ ಲೆಕ್ಕ. ಟೀ ಶರ್ಟು, ಝುಂಬಾ, ಸೆಲ್ಫಿ, ಸ್ಟಾರ್ಟ್‌ನಲ್ಲೇ ಐದೈದು ಜನ ಕೈ ಹಿಡಿದುಕೊಂಡು ನಡೆಯುವ ಗುಂಪು. ಎಷ್ಟೋ ಕಡೆ ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಯಲ್ಲಿ (ಬಿಬ್) ಸಮಯ ಅಳೆಯುವ ಚಿಪ್ಪೇ ಇರುವುದಿಲ್ಲ, ದೂರವೂ 4.6 ಆಗಿರುತ್ತದೆ ಇಲ್ಲಾ 5.4. ಟೈಮಿಂಗ್ ಬೇಕು ಅನ್ನುವವರು ದುಡ್ಡು ಕಟ್ಟುವ ಮುಂಚೆ "ಚಿಪ್ ಇದೆಯಾ" ಅಂತ ಕೇಳಿ. ಇಲ್ಲ ಅಂದರೆ ಬೆಳಗ್ಗೆ ಆರಕ್ಕೆ 400 ಮೀಟರ್ ಟ್ರ್ಯಾಕಿಗೆ ಹೋಗಿ ಹನ್ನೆರಡೂವರೆ ಸುತ್ತು ಓಡಿ. ಒಬ್ಬರು ಜೊತೆಗಿದ್ದು ಸುತ್ತು ಎಣಿಸಿದರೆ ಸಾಕು.

10ಕೆ: ನನ್ನ ಪಕ್ಷಪಾತ ಇಲ್ಲಿ

ನನ್ನನ್ನು ಕೇಳಿದರೆ ನಮ್ಮಲ್ಲಿ ಸಿಗಬೇಕಾದಷ್ಟು ಮರ್ಯಾದೆ ಸಿಗದ ದೂರ ಇದು. ಹೊಸಬರು ಇದನ್ನು ಹಾಫ್‌ಗೆ ಹೋಗುವ ದಾರಿಯಲ್ಲಿ ಸಿಗುವ ಸ್ಟಾಪು ಅಂದುಕೊಳ್ಳುತ್ತಾರೆ. ಆಮೇಲೆ ತಿರುಗಿ ನೋಡುವುದಿಲ್ಲ.

ಬೆಂಗಳೂರಿನವರಿಗಂತೂ ಇದು ಮನೆ ಬಾಗಿಲಿನ ಓಟ. 2008ರಲ್ಲಿ ಶುರುವಾದ ವರ್ಲ್ಡ್ 10ಕೆಗೆ ಕೀನ್ಯಾ, ಇಥಿಯೋಪಿಯಾದ ದೊಡ್ಡ ಓಟಗಾರರು ಬರುತ್ತಾರೆ. ಅವರು 28 ನಿಮಿಷದ ಆಸುಪಾಸಿನಲ್ಲಿ ಮುಗಿಸುವ ಓಟವನ್ನು ಅದೇ ದಿನ, ಅದೇ ಊರಿನ ರಸ್ತೆಗಳಲ್ಲಿ ನೀವೂ ಓಡಬಹುದು. ಕ್ರಿಕೆಟ್ ಅಭಿಮಾನಿಗೆ ಚಿನ್ನಸ್ವಾಮಿ ಪಿಚ್ ಮೇಲೆ ಆಡಲು ಯಾರೂ ಬಿಡುವುದಿಲ್ಲ. ಒಂದೇ ಒಂದು ತಕರಾರು: ಓಟ ಬರುವುದು ಬೇಸಿಗೆಯಲ್ಲಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಬೆಳಗಿನ ಜಾವ ತಂಪು ಇರುತ್ತದೆ ನಿಜ. ಏಳೂವರೆ ದಾಟಿತು ಅಂದರೆ ಬಿಸಿಲು ನೆತ್ತಿಗೆ ಹತ್ತುತ್ತದೆ. ಜೊತೆಗೆ ಈ ಊರಿನ ರಸ್ತೆ ಎಲ್ಲೂ ಸಪಾಟಾಗಿಲ್ಲ. ಬೈಕಿನಲ್ಲಿ ಹೋಗುವಾಗ ಗೊತ್ತೇ ಆಗದ ಏರುಗಳು ಎಂಟನೇ ಕಿಲೋಮೀಟರಿನಲ್ಲಿ ಗೊತ್ತಾಗುತ್ತವೆ.

10ಕೆಯ ಸೊಗಸು ಇರುವುದು ವೇಗದ ಲೆಕ್ಕದಲ್ಲಿ. ಪ್ರತಿಯೊಬ್ಬರಿಗೂ ಸುಮಾರು ಒಂದು ಗಂಟೆ ತಡೆದುಕೊಳ್ಳಬಹುದಾದ ಒಂದು ವೇಗ ಇರುತ್ತದೆ. ಕೋಚ್‌ಗಳು ಅದನ್ನು ಥ್ರೆಶೋಲ್ಡ್ ಅನ್ನುತ್ತಾರೆ. ಅದಕ್ಕಿಂತ ಸ್ವಲ್ಪ ಮೇಲೆ ಹೋದರೂ ರಕ್ತದಲ್ಲಿ ಲ್ಯಾಕ್ಟೇಟ್ (ಸ್ನಾಯು ಜೋರಾಗಿ ದುಡಿದಾಗ ಹುಟ್ಟುವ ವಸ್ತು) ಏರತೊಡಗುತ್ತದೆ, ಹೆಜ್ಜೆ ಭಾರವಾಗುತ್ತದೆ. 55ರಿಂದ 65 ನಿಮಿಷದಲ್ಲಿ 10ಕೆ ಮುಗಿಸುವ ಸಾಮಾನ್ಯ ಓಟಗಾರ ಈ ಅಂಚಿನ ಮೇಲೇ ಓಡುತ್ತಿರುತ್ತಾನೆ. ಒಂದು ಚೂರು ಜಾಸ್ತಿ ಕೊಟ್ಟರೆ ಏಳನೇ ಕಿಲೋಮೀಟರಿನಲ್ಲಿ ಸುಸ್ತು. ಒಂದು ಚೂರು ಕಮ್ಮಿ ಕೊಟ್ಟರೆ ಮುಗಿದ ಮೇಲೆ "ಇನ್ನೂ ಇತ್ತಲ್ಲ" ಅನಿಸುತ್ತದೆ. ಸರಿಯಾಗಿ ಕೂಡಿ ಬಂದ ದಿನ ಸಿಗುವ ಸಮಾಧಾನ ಹಾಫ್‌ನಲ್ಲೂ ನನಗೆ ಸಿಕ್ಕಿಲ್ಲ.

ತಯಾರಿಗೆ ವಾರಕ್ಕೆ ಮೂರು ನಾಲ್ಕು ದಿನ, ಒಟ್ಟು 25ರಿಂದ 30 ಕಿ.ಮೀ. ಸಾಕು. ದಿನಕ್ಕೆ 40 ನಿಮಿಷ, ಭಾನುವಾರ ಒಂದೂಕಾಲು ಗಂಟೆ. ಓಡುತ್ತಾ ತಿನ್ನುವ ಸಕ್ಕರೆಯ ಜೆಲ್ ಬೇಡ, ಅದನ್ನು ಸಿಕ್ಕಿಸಿಕೊಳ್ಳುವ ಬೆಲ್ಟ್ ಬೇಡ. ಹಿಂದಿನ ರಾತ್ರಿ ಮಾಮೂಲಿ ಊಟ, ಬೆಳಗ್ಗೆ ಒಂದು ಏಲಕ್ಕಿ ಬಾಳೆಹಣ್ಣು. ಸೋಮವಾರ ಆಫೀಸಿಗೆ ಹೋಗಬಹುದು, ಲಿಫ್ಟ್ ಕೆಟ್ಟಿದ್ದರೆ ಮೆಟ್ಟಿಲು ಹತ್ತಬಹುದು.

ಇದನ್ನು ಕೆಡಿಸಿಕೊಳ್ಳುವುದು ಮಾತ್ರ ಬಹಳ ಸುಲಭ. ಸಾವಿರಾರು ಜನರ ಜೊತೆ ಸ್ಟಾರ್ಟ್ ಆದಾಗ ಮೊದಲ ಎರಡು ಕಿಲೋಮೀಟರ್ ಎಲ್ಲರೂ ತಮ್ಮ ಪೇಸ್‌ಗಿಂತ 20–30 ಸೆಕೆಂಡ್ ಜೋರಾಗಿ ಹೋಗುತ್ತಾರೆ. ಆ ಸಾಲವನ್ನು ಕೊನೆಯ ಮೂರು ಕಿಲೋಮೀಟರಿನಲ್ಲಿ ಬಡ್ಡಿ ಸಮೇತ ತೀರಿಸುತ್ತಾರೆ.

ಹಾಫ್: ಕೆಲಸಕ್ಕೆ ಹೋಗುವವರ ಲಾಂಗ್ ಓಟ

21.0975 ಕಿ.ಮೀ. ನಮ್ಮ ದೊಡ್ಡ ಊರುಗಳಲ್ಲೆಲ್ಲ ಹಾಫ್ ಇದೆ. ದೆಹಲಿಯದ್ದು 2005ರಿಂದ ನಡೆಯುತ್ತಿದೆ. ಬೆಂಗಳೂರು, ಹೈದರಾಬಾದ್, ಮುಂಬೈ ಮ್ಯಾರಥಾನ್‌ಗಳಲ್ಲೂ ಫುಲ್‌ನ ಜೊತೆ ಹಾಫ್ ಇಟ್ಟಿದ್ದಾರೆ. ಜನ ಅದಕ್ಕೇ ಮುಗಿಬೀಳುವುದಕ್ಕೆ ಕಾರಣವೂ ಇದೆ. ಲಾಂಗ್ ಡಿಸ್ಟೆನ್ಸ್ ಓಡಿದೆ ಅಂತ ಹೇಳಿಕೊಳ್ಳುವಷ್ಟು ಉದ್ದ, ಜೀವನವನ್ನು ತಲೆಕೆಳಗು ಮಾಡದಷ್ಟು ಗಿಡ್ಡ.

10ಕೆ ಆರಾಮಾಗಿ ಓಡುವವರಿಗೆ 12 ವಾರ ಸಾಕು. ಭಾನುವಾರದ ಲಾಂಗ್ ರನ್ 16–18 ಕಿ.ಮೀ. ತನಕ ಹೋಗುತ್ತದೆ. ಅಂದರೆ ಐದೂವರೆಗೆ ಹೊರಟರೆ ಎಂಟಕ್ಕೆ ಮುಗಿಯಿತು. ಎಂಟೂವರೆಗೆ ಗೆಳೆಯರ ಜೊತೆ ಇಡ್ಲಿ ವಡೆ, ಒಂಬತ್ತಕ್ಕೆ ಮನೆ. ಭಾನುವಾರ ಇನ್ನೂ ಭಾನುವಾರವಾಗಿಯೇ ಉಳಿದಿರುತ್ತದೆ. ಮನೆಯವರ ಮುಖ ನೋಡಿಯೇ ನಾನು ಈ ಮಾತನ್ನು ಒತ್ತಿ ಹೇಳುತ್ತಿರುವುದು.

ಕಷ್ಟ ಎಲ್ಲಿ ಅಂದರೆ ಹದಿನಾರನೇ ಕಿಲೋಮೀಟರ್ ಆದ ಮೇಲೆ. ಅಲ್ಲಿಯವರೆಗೆ ಮಾತಾಡಿಕೊಂಡು ಬಂದ ಗುಂಪು ಅಲ್ಲಿ ಸುಮ್ಮನಾಗುತ್ತದೆ. ಎರಡು ಗಂಟೆಗಿಂತ ಜಾಸ್ತಿ ಹೊತ್ತು ರಸ್ತೆಯಲ್ಲಿರುವವರಿಗೆ ನೀರು, ಸಕ್ಕರೆ, ಉಪ್ಪಿನ ಲೆಕ್ಕ ಮೊದಲ ಸಲ ಶುರುವಾಗುವುದು ಇಲ್ಲೇ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಅಂತ ಲೆಕ್ಕ. ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಇರುತ್ತದೆ. ಜೆಲ್ ಸೇರದವರು ಖರ್ಜೂರ, ಬೆಲ್ಲದ ತುಂಡು ಇಟ್ಟುಕೊಳ್ಳುತ್ತಾರೆ, ನಡೆಯುತ್ತದೆ. ಯಾವುದಾದರೂ ಸರಿ, ಲಾಂಗ್ ರನ್‌ನಲ್ಲಿ ತಿಂದು ನೋಡಿದ್ದನ್ನೇ ರೇಸ್ ದಿನ ತಿನ್ನಬೇಕು. ಓಟಕ್ಕೆ ಮುಂಚೆ ಬಿಬ್ ಹಂಚುವ ಎಕ್ಸ್‌ಪೋದಲ್ಲಿ ಪುಕ್ಕಟೆ ಕೊಟ್ಟ ಹೊಸ ಜೆಲ್ ತಿಂದು ಟಾಯ್ಲೆಟ್ ಹುಡುಕಿಕೊಂಡು ಓಡಿದವರ ಕಥೆ ಪ್ರತಿ ಗುಂಪಿನಲ್ಲೂ ಒಂದಿರುತ್ತದೆ.

ಇನ್ನೊಂದು ಸಣ್ಣ ವಿಷಯ. 10ಕೆ ತನಕ ಗೊತ್ತಾಗದ ಉಜ್ಜುಗಾಯ ಹಾಫ್‌ನಲ್ಲಿ ಗೊತ್ತಾಗುತ್ತದೆ. ತೊಡೆಸಂದು, ಕಂಕುಳು, ಗಂಡಸರಿಗೆ ಮೊಲೆತೊಟ್ಟು, ಹೆಂಗಸರಿಗೆ ಸ್ಪೋರ್ಟ್ಸ್ ಬ್ರಾ ಪಟ್ಟಿಯ ಕೆಳಗೆ. ವ್ಯಾಸಲೀನ್ ಹಚ್ಚಿ. ಹತ್ತಿ ಬಟ್ಟೆಯ ಟೀ ಶರ್ಟು ಬೇಡ, ಬೆವರು ಕುಡಿದು ಉಪ್ಪುಕಾಗದ ಆಗುತ್ತದೆ. ಓಟ ಮುಗಿಸಿ ಸ್ನಾನಕ್ಕೆ ನಿಂತಾಗ ಬಿಸಿನೀರು ಬಿದ್ದರೆ ಎಲ್ಲೆಲ್ಲಿ ಹಚ್ಚಲು ಮರೆತಿರಿ ಅಂತ ತಾನೇ ತಿಳಿಯುತ್ತದೆ.

ಹಾಫ್ ಆದ ತಕ್ಷಣ ಫುಲ್‌ಗೆ ಹೆಸರು ಕೊಡುವವರಿಗೆ ಒಂದು ಮಾತು: ಹಾಫ್ ಅನ್ನುವುದು ಫುಲ್‌ನ ಅರ್ಧ ಅಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಮಾತ್ರ ಅರ್ಧ.

ಫುಲ್: 30 ಆದ ಮೇಲೆ ಶುರುವಾಗುವ ಓಟ

42.195 ಎಂಬ ವಿಚಿತ್ರ ಅಂಕಿಗೆ ಓಟದ ವಿಜ್ಞಾನವೇನೂ ಕಾರಣ ಅಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸ್ಪಿರಿಡನ್ ಲೂಯಿಸ್ ಗೆದ್ದ ಮ್ಯಾರಥಾನ್ ಸುಮಾರು 40 ಕಿ.ಮೀ. ಇತ್ತು. 1908ರಲ್ಲಿ ಲಂಡನ್‌ನವರು ವಿಂಡ್ಸರ್ ಅರಮನೆಯಿಂದ ಶುರು ಮಾಡಿ ಸ್ಟೇಡಿಯಂನಲ್ಲಿ ರಾಜಮನೆತನದವರು ಕೂರುವ ಜಾಗದ ಎದುರಿಗೆ ಮುಗಿಸಿದರು. ಅದು 26 ಮೈಲಿ 385 ಗಜ ಆಯಿತು. 1921ರಲ್ಲಿ ಅದೇ ಅಧಿಕೃತ ದೂರ ಆಗಿ ಉಳಿಯಿತು. ರಾಜಮನೆತನದವರು ಇನ್ನೊಂದು ಕಡೆ ಕೂತಿದ್ದರೆ ಇವತ್ತು ನಮ್ಮ ಮಂಡಿಗಳಿಗೆ ಸ್ವಲ್ಪ ಅನುಕೂಲ ಆಗುತ್ತಿತ್ತೇನೋ.

ಆದರೆ ಈ ಆಕಸ್ಮಿಕ ದೂರ ನಮ್ಮ ದೇಹದ ಒಂದು ಮಿತಿಯನ್ನು ಸರಿಯಾಗಿ ದಾಟುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಶಕ್ತಿ ಸುಮಾರು 2,000 ಕ್ಯಾಲರಿ. ಓಡುವಾಗ ಪ್ರತಿ ಕಿಲೋಮೀಟರಿಗೆ ಮೈತೂಕದ ಕಿಲೋಗೆ ಸುಮಾರು ಒಂದು ಕ್ಯಾಲರಿ ಖರ್ಚು. 65 ಕಿಲೋ ಇರುವವರಿಗೆ ಕಿಲೋಮೀಟರಿಗೆ 65. ಭಾಗಿಸಿ ನೋಡಿ: 30 ಕಿ.ಮೀ. ಚಿಲ್ಲರೆಗೆ ಖಜಾನೆ ಖಾಲಿ. ಕೊಬ್ಬೂ ಜೊತೆಯಲ್ಲಿ ಉರಿಯುತ್ತದೆ, ಅದು ಬೇಕಾದಷ್ಟಿದೆ. ಆದರೆ ಅದರಿಂದ ಶಕ್ತಿ ಬರುವುದು ನಿಧಾನ. ಹಾಗಾಗಿ ನಡುವೆ ತಿನ್ನದೇ, ಮೊದಲರ್ಧ ಜೋರಾಗಿ ಓಡಿದವರು 30–35ರ ನಡುವೆ ಎಲ್ಲೋ ಒಂದು ಕಡೆ ನಿಂತುಬಿಡುತ್ತಾರೆ. ಓಡುವವರು ಇದಕ್ಕೆ 'ವಾಲ್' ಅನ್ನುತ್ತಾರೆ. ಕಾಲು ನೋವು ಅಲ್ಲ ಅದು. ಮನಸ್ಸು ಓಡು ಅಂದರೂ ಕಾಲು ಎತ್ತಲು ಬರುವುದಿಲ್ಲ. ಕಿಲೋಮೀಟರಿಗೆ ಆರೂವರೆ ನಿಮಿಷ ತೆಗೆದುಕೊಳ್ಳುತ್ತಿದ್ದವರು ಒಂಬತ್ತು, ಹತ್ತಕ್ಕೆ ಇಳಿಯುತ್ತಾರೆ. ರೀಗಲ್ ಸೂತ್ರ ಸುಳ್ಳಾಗುವುದು ಇಲ್ಲೇ. ಕೊನೆಯ 10 ಕಿ.ಮೀ.ಯಲ್ಲಿ ಅರ್ಧ ಗಂಟೆ ಹೆಚ್ಚಿಗೆ ಹೋಯಿತು ಅಂದರೆ 4:36 ಎಲ್ಲಿ ಉಳಿಯುತ್ತದೆ?

ಮುಂಬೈ ಮ್ಯಾರಥಾನ್ ಓಡಿದವರನ್ನು ಕೇಳಿ, ಪೆಡ್ಡರ್ ರೋಡ್ ಅಂದರೆ ಸಾಕು, ಮುಖ ಕಿವುಚುತ್ತಾರೆ. ಕಾರಿನಲ್ಲಿ ಹೋದರೆ ಅದು ಏರೇ ಅಲ್ಲ. ಸಮುದ್ರದ ಮೇಲಿನ ಸೀ ಲಿಂಕ್ ಸೇತುವೆ ಎಲ್ಲ ಮುಗಿಸಿ ವಾಪಸ್ ಬರುವಾಗ 35 ಕಿ.ಮೀ. ದಾಟಿದ ಮೇಲೆ ಆ ಏರು ಬರುತ್ತದೆ. ಈಗ ಬಿಸಿಲು ಬಂದಿದೆ, ಸಮುದ್ರದ ಸೆಕೆ ಇದೆ, ಮೀನಖಂಡದಲ್ಲಿ ಸೆಳೆತ ಶುರುವಾಗಿದೆ. ಎರಡೂ ಕಡೆ ಜನ ನಿಂತು ಕಿತ್ತಳೆ, ಬಿಸ್ಕತ್ತು, ಉಪ್ಪು ಹಿಡಿದುಕೊಂಡು ಕೂಗುತ್ತಿರುತ್ತಾರೆ. ಬಿಬ್ ಮೇಲಿನ ಹೆಸರು ಓದಿ ಕೂಗುತ್ತಾರೆ. ಓಡಲಾಗದೇ ನಡೆಯುತ್ತಿದ್ದವರು ನಾಚಿಕೆಗೆ ನಾಲ್ಕು ಹೆಜ್ಜೆ ಓಡುತ್ತಾರೆ, ಮತ್ತೆ ನಡೆಯುತ್ತಾರೆ. ಫುಲ್‌ನ ಆಕರ್ಷಣೆ ಏನು ಅಂತ ಮಾತಿನಲ್ಲಿ ಕೇಳಿದರೆ ನನಗೆ ಹೇಳಲು ಬರುವುದಿಲ್ಲ, ಆ ಏರಿನಲ್ಲಿ ಅರ್ಧ ಗಂಟೆ ನಿಂತು ನೋಡಿ ಅನ್ನುತ್ತೇನೆ.

ಇಷ್ಟಾದರೂ ಫುಲ್‌ನ ನಿಜವಾದ ಬೆಲೆ ರೇಸ್ ದಿನದ್ದಲ್ಲ. ಅದಕ್ಕೆ ಮುಂಚಿನ 16ರಿಂದ 20 ವಾರಗಳದ್ದು. ವಾರಕ್ಕೆ 45–60 ಕಿ.ಮೀ., ಭಾನುವಾರ 28, 30, 32. ಆರೂಮುಕ್ಕಾಲು ಪೇಸ್‌ನವರಿಗೆ 30 ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ನಾಲ್ಕೂವರೆಗೆ ಹೊರಡಬೇಕು ಅಂದರೆ ಶನಿವಾರ ರಾತ್ರಿ ಒಂಬತ್ತಕ್ಕೆ ಮಲಗಬೇಕು. ಯಾರದೋ ರಿಸೆಪ್ಷನ್‌ಗೆ ಹೋದರೆ ಊಟದ ಸಾಲಿನಲ್ಲಿ ಮೊದಲು ನಿಂತು ಓಡಿ ಬರಬೇಕು. ಭಾನುವಾರ ಹತ್ತಕ್ಕೆ ಮನೆಗೆ ಬಂದರೂ ಮಧ್ಯಾಹ್ನದ ತನಕ ನೀವು ಯಾರಿಗೂ ಉಪಯೋಗಕ್ಕೆ ಬರುವವರಲ್ಲ. ಇದು ನಾಲ್ಕು ತಿಂಗಳು. ಗಂಡನೋ ಹೆಂಡತಿಯೋ ಮೊದಲೇ ಒಪ್ಪಿರದಿದ್ದರೆ ಹದಿನಾಲ್ಕನೇ ವಾರದಲ್ಲಿ ಜಗಳ ಗ್ಯಾರಂಟಿ. ಶೂ ಲೆಕ್ಕವೂ ಇದೆ: ಒಂದು ಜೊತೆ 500–800 ಕಿ.ಮೀ. ಬರುತ್ತದೆ, ಒಂದು ಫುಲ್ ತಯಾರಿಗೇ ಅದು ಮುಗಿಯುತ್ತದೆ.

ಹಾಗಾದರೆ ಯಾರು ಓಡಬೇಕು? ಕಡಿಮೆ ಅಂದರೂ ಒಂದೂವರೆ ವರ್ಷ ಬಿಡದೇ ಓಡಿರುವವರು, ಎರಡು ಮೂರು ಹಾಫ್ ಗಾಯವಿಲ್ಲದೇ ಮುಗಿಸಿರುವವರು, ಒಬ್ಬರೇ ಮೂರು ಗಂಟೆ ರಸ್ತೆಯಲ್ಲಿರಲು ಬೇಜಾರಾಗದವರು. ವೇಗ ಬೇಕಿಲ್ಲ. ಪೂರ್ತಿ ಓಡಲೇಬೇಕು ಅಂತಲೂ ಇಲ್ಲ. ಅಮೆರಿಕದ ಜೆಫ್ ಗ್ಯಾಲೊವೇ ಒಲಿಂಪಿಕ್ಸ್‌ಗೆ ಹೋದ ಓಟಗಾರ. ಅವರೇ ಸಾಮಾನ್ಯರಿಗೆ ಹೇಳಿಕೊಟ್ಟದ್ದು ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ತರಹದ ಪದ್ಧತಿ. ಸುಸ್ತಾಗುವ ಮುಂಚೆಯೇ, ಮೊದಲ ಕಿಲೋಮೀಟರಿನಿಂದಲೇ ನಡೆಯಬೇಕು ಅನ್ನುವುದು ಅದರ ಗುಟ್ಟು. ಐದು ಗಂಟೆಯ ಓಟಗಾರರಿಗೆ ಇದು ಬಹಳ ಕೆಲಸ ಮಾಡುತ್ತದೆ, ಆದರೆ ನಮ್ಮ ಜನಕ್ಕೆ ಮರ್ಯಾದೆ ಅಡ್ಡ ಬರುತ್ತದೆ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಐದಾರು ಗಂಟೆ ಓಡುವವರು ದಾರಿಯಲ್ಲಿ ನೀರು ಕೊಡುವ ಪ್ರತಿ ಸ್ಟೇಷನ್‌ನಲ್ಲೂ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆಸುತ್ತು, ವಾಂತಿ, ಜಾಸ್ತಿ ಆದರೆ ಜೀವಕ್ಕೇ ಅಪಾಯ. ಬಾಯಾರಿದಾಗ ಕುಡಿಯಿರಿ, ನಡುನಡುವೆ ಓಆರ್‌ಎಸ್ ಇರಲಿ.

ಮುಗಿದ ಮೇಲೆ ಎರಡು ಮೂರು ವಾರ ಕಾಲಿಗೆ ರಜೆ. ಮರುದಿನ ಮೆಟ್ಟಿಲು ಇಳಿಯುವವರು ಹಿಂದುಮುಂದಾಗಿ ಇಳಿಯುತ್ತಾರೆ. ಉಳಿದುಕೊಂಡ ಮನೆಯಲ್ಲಿ ಕುಕ್ಕರುಗಾಲಿನ ಟಾಯ್ಲೆಟ್ ಮಾತ್ರ ಇದ್ದರೆ ದೇವರೇ ಗತಿ. ವರ್ಷಕ್ಕೆ ಎರಡು ಫುಲ್ ಸಾಕು. ತಿಂಗಳಿಗೊಂದು ಓಡಿ ಮೆಡಲ್ ಸಾಲಾಗಿ ಹಾಕಿಕೊಂಡ ಫೋಟೋ ನೋಡಿ ಮರುಳಾಗಬೇಡಿ.

ಅಲ್ಟ್ರಾ: ಬೇರೆಯದೇ ಆಟ

42.195ಕ್ಕಿಂತ ಉದ್ದದ್ದೆಲ್ಲ ಅಲ್ಟ್ರಾ. ಇಲ್ಲಿ ಒಂದು ತಮಾಷೆ ಇದೆ. ರೋಡ್ ಫುಲ್‌ಗಿಂತ 50ಕೆ ಟ್ರೇಲ್ (ಕಾಡು, ಗುಡ್ಡ, ತೋಟದ ಮಣ್ಣಿನ ದಾರಿಯ ಓಟ) ಹಗುರ ಅನ್ನುವವರು ಕಡಿಮೆಯಿಲ್ಲ. ಪೇಸ್ ನೋಡುವ ಗೋಜಿಲ್ಲ, ಏರು ಬಂದರೆ ಎಲ್ಲರೂ ನಡೆಯುತ್ತಾರೆ, ಸ್ಟೇಷನ್‌ನಲ್ಲಿ ನಿಂತು ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾ ನಮ್ಮ ಕಡೆಯ ಹೆಸರಾದ ಟ್ರೇಲ್ ಓಟ. ಮಣ್ಣು, ಜಾರುವ ಕಲ್ಲು, ಮಳೆ ಬಿದ್ದಿದ್ದರೆ ಇಂಬಳ. ರೋಡ್ ಟೈಮಿಂಗ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕಟ್‌ಆಫ್, ಅಂದರೆ ಮುಗಿಸಲು ಕೊಟ್ಟ ಸಮಯದ ಒಳಗೆ ಬಂದರೆ ಗೆದ್ದಂತೆ.

ಸ್ಟೇಡಿಯಂ ಓಟ ಇನ್ನೊಂದು ಜಾತಿ. 2022ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಏಷ್ಯಾ–ಓಷಿಯಾನಿಯಾ 24 ಗಂಟೆ ಚಾಂಪಿಯನ್‌ಶಿಪ್ ನಡೆಯಿತು. ಅಮರ್ ಸಿಂಗ್ ದೇವಂದ 257 ಕಿ.ಮೀ.ಗೂ ಹೆಚ್ಚು ಓಡಿ ಗೆದ್ದರು. 400 ಮೀಟರ್ ಟ್ರ್ಯಾಕಿನಲ್ಲಿ ಅದು 640ಕ್ಕೂ ಹೆಚ್ಚು ಸುತ್ತು. ಅದೇ ಗೇಟು, ಅದೇ ಮೂಲೆ, ಅದೇ ನೀರಿನ ಮೇಜು, ಹಗಲು ರಾತ್ರಿ. ಇದು ಕಾಲಿನ ಪರೀಕ್ಷೆಯೋ ತಲೆಯದೋ ನನಗೆ ತಿಳಿಯದು. ನನಗಂತೂ ಕಾಫಿ ತೋಟವೇ ಸರಿ.

ದೂರ ಒಂದೇ, ಊರು ಬೇರೆ

ದೂರ ಆರಿಸುವಾಗ ಜನ ಮರೆಯುವುದು ಜಾಗವನ್ನು. ಬೆಂಗಳೂರಿನ ತಂಪಿನಲ್ಲಿ ತಯಾರಿ ಮಾಡಿ ಮುಂಬೈಗೆ ಹೋದವರು ಜನವರಿಯಲ್ಲೂ ಬೆವರಿ ತೊಪ್ಪೆಯಾಗುತ್ತಾರೆ. ಮಂಗಳೂರಿನವರಿಗೆ ಅದು ಮನೆಯ ಹವೆ. ಅವರು ಬೆಂಗಳೂರಿಗೆ ಬಂದು ಓಡಿದರೆ ಏಸಿ ರೂಮಿಗೆ ಬಂದಷ್ಟು ಖುಷಿ ಪಡುತ್ತಾರೆ, ಏರು ಮಾತ್ರ ಕಾಡುತ್ತದೆ. ಹೈದರಾಬಾದ್ ಮ್ಯಾರಥಾನ್‌ನಲ್ಲಿ ಫ್ಲೈಓವರ್‌ಗಳದ್ದೇ ಕಾಟ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಿನ ಕಡೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್‌ನದ್ದು ಕಾಲುವೆ ಪಕ್ಕದ ಮಣ್ಣಿನ ದಾರಿ, ಗದ್ದೆ ನೋಡಿಕೊಂಡು ಓಡಬಹುದು. ಮಂಡಿಗೆ ಹಿತ. ಎಂಟರ ನಂತರ ನೆರಳು ಸಿಗುವುದು ಕಷ್ಟ. ಅಲ್ಲಿ ಮೊದಲ ಹಾಫ್ ಓಡಿ ಟೈಮಿಂಗ್ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥ ಇಲ್ಲ.

ತಯಾರಿಯ ಜಾಗವೂ ಅಷ್ಟೇ. ಮೈಸೂರಿನ ಕುಕ್ಕರಹಳ್ಳಿ ಕೆರೆ ದಂಡೆ, ಬೆಂಗಳೂರಿನ ಕಬ್ಬನ್ ಪಾರ್ಕ್ 10ಕೆ ತಯಾರಿಗೆ ಬೇಕಾದಷ್ಟಾಯಿತು. ಫುಲ್‌ಗೆ 30 ಕಿ.ಮೀ. ಓಡಲು ಕತ್ತಲಲ್ಲಿ ಹೊರಗಿನ ರಸ್ತೆಗೆ ಹೋಗಲೇಬೇಕು. ಬೀದಿನಾಯಿ, ದೀಪವಿಲ್ಲದ ಕ್ರಾಸ್, ತಪ್ಪು ದಿಕ್ಕಿನಿಂದ ಬರುವ ಬೈಕು. ಹೆಂಗಸರಿಗೆ ಇದರ ಮೇಲೆ ಇನ್ನಷ್ಟು ಚಿಂತೆ, ಟಾಯ್ಲೆಟ್ ಬೇರೆ ಇಲ್ಲ. ನಿಮ್ಮ ಏರಿಯಾದಲ್ಲಿ ಭಾನುವಾರ ಒಟ್ಟಿಗೆ ಓಡುವ ಗುಂಪು ಇಲ್ಲದಿದ್ದರೆ ಫುಲ್ ಬಿಟ್ಟು 10ಕೆ, ಹಾಫ್‌ನಲ್ಲಿ ಇರುವುದು ಜಾಣತನ ಅಂತಲೇ ನನ್ನ ಅಭಿಪ್ರಾಯ.

40 ದಾಟಿದವರು, ಬಿಪಿ ಶುಗರ್ ಇರುವವರು, ಮನೆಯಲ್ಲಿ ಹೃದಯದ ಕಾಯಿಲೆ ಇದ್ದವರು ಯಾವ ದೂರ ಅನ್ನುವ ಮುಂಚೆ ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಓಡುವಾಗ ಎದೆ ಹಿಡಿದಂತಾದರೆ 5ಕೆ ಆದರೂ ಅಲ್ಲೇ ನಿಲ್ಲಿ. ಇನ್ನು ಮಗನನ್ನೋ ಮಗಳನ್ನೋ ಕರೆದುಕೊಂಡು ಓಡುವ ಆಸೆ ಇದ್ದರೆ 5ಕೆ ತನಕ ಇಟ್ಟುಕೊಳ್ಳಿ. ಫುಲ್‌ಗೆ ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು.

ಹೆಸರು ಕೊಡುವ ಮುಂಚೆ

ಕ್ಯಾಲೆಂಡರ್‌ನಲ್ಲಿ ರೇಸ್ ದಿನದಿಂದ ಹಿಂದಕ್ಕೆ ಎಣಿಸಿ. 10ಕೆಗೆ 8–10 ವಾರ, ಹಾಫ್‌ಗೆ 12, ಫುಲ್‌ಗೆ 16ರ ಮೇಲೆ. ಆ ವಾರಗಳಲ್ಲಿ ಏನೇನು ಬೀಳುತ್ತದೆ ನೋಡಿ. ಬೆಂಗಳೂರು ಮ್ಯಾರಥಾನ್ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬರುತ್ತದೆ, ಅಂದರೆ ತಯಾರಿ ಪೂರ್ತಿ ಮಳೆಗಾಲದಲ್ಲಿ. ಒದ್ದೆ ಶೂ ಒಣಗುವುದಿಲ್ಲ, ಎರಡನೇ ಜೊತೆ ಬೇಕು. ಮುಂಬೈ ಜನವರಿಯ ಮೂರನೇ ಭಾನುವಾರ. ಅದರ ಲಾಂಗ್ ರನ್‌ಗಳು ದಸರಾ, ದೀಪಾವಳಿ ದಾಟಿಕೊಂಡು ಹೋಗುತ್ತವೆ. ಹೋಳಿಗೆ ತಿಂದ ಮರುದಿನ 28 ಕಿ.ಮೀ. ಓಡುವುದು ಹೇಗೆ ಅಂತ ಈಗಲೇ ಯೋಚಿಸಿ.

ದುಡ್ಡು ಕಟ್ಟುವ ಮುಂಚೆ ಮೂರು ವಾರ ಆ ದೂರದ ತಯಾರಿ ಮಾಡಿ ನೋಡುವುದು ಒಳ್ಳೆಯದು. ಹೆಚ್ಚಿನ ಕಡೆ ದುಡ್ಡು ವಾಪಸ್ ಇಲ್ಲ, ಬಿಬ್ ಬೇರೆಯವರಿಗೆ ಕೊಡುವಂತಿಲ್ಲ. ಬೇರೆಯವರ ಬಿಬ್ ಹಾಕಿಕೊಂಡು ಓಡುವುದಂತೂ ಬೇಡವೇ ಬೇಡ. ದಾರಿಯಲ್ಲಿ ಏನಾದರೂ ಆದರೆ ಆಂಬುಲೆನ್ಸ್‌ನವರ ಕೈಲಿರುವ ಹೆಸರು, ಬ್ಲಡ್ ಗ್ರೂಪು ನಿಮ್ಮದಾಗಿರುವುದಿಲ್ಲ.

ಊರು ಬಿಟ್ಟು ಹೋಗುವವರಿಗೆ ಇನ್ನೊಂದು ಖರ್ಚಿದೆ. ದೊಡ್ಡ ಓಟಗಳಲ್ಲಿ ರೇಸ್ ದಿನ ಬಿಬ್ ಕೊಡುವುದಿಲ್ಲ, ಒಂದೆರಡು ದಿನ ಮೊದಲೇ ಎಕ್ಸ್‌ಪೋಗೆ ಹೋಗಿ ತೆಗೆದುಕೊಳ್ಳಬೇಕು. ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಬೆಂಗಳೂರಿಗೆ 10ಕೆ ಓಡಲು ಬರುವವರು ಕೂಡ ಎರಡು ರಾತ್ರಿಯ ರೂಮು, ಒಂದು ದಿನದ ರಜೆ ಲೆಕ್ಕ ಹಾಕಿಕೊಳ್ಳಬೇಕು. ಮುಂಬೈ ಆದರೆ ರೈಲು ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಅಂದರೆ ನವೆಂಬರ್ ಮೂರನೇ ವಾರದ ಸುಮಾರಿಗೆ. ಅದೇ ಹೊತ್ತಿನಲ್ಲಿ ಸಂಕ್ರಾಂತಿಗೆ ಊರಿಗೆ ಹೋಗುವವರೂ ಟಿಕೆಟ್‌ಗೆ ಕೂತಿರುತ್ತಾರೆ. ಬೆಳಗ್ಗೆ ಎಂಟಕ್ಕೇ ಮೊಬೈಲ್ ಹಿಡಿದುಕೊಂಡು ಕಾಯಿರಿ, ಲೋವರ್ ಬರ್ತ್ ಕೇಳಿ. ಹೋಗುವಾಗ ಸಿಗದಿದ್ದರೂ ಪರವಾಗಿಲ್ಲ, ಫುಲ್ ಓಡಿ ವಾಪಸ್ ಬರುವಾಗ ಅಪ್ಪರ್ ಬರ್ತ್ ಹತ್ತಲು ಆಗುವುದಿಲ್ಲ.